ಡಿ-ಪ್ಯಾಡ್ (ದಿಕ್ಕಿನ ಗುಂಡಿಗಳು) ಒತ್ತೋ ಹೆಬ್ಬೆರಳು ನೋಯದ ಹಿಡಿತ ಯಾವುದು? ಫೈಟಿಂಗ್ ಗೇಮ್ ಟೆಕ್ಕನ್ 8, ಸ್ಟ್ರೀಟ್ ಫೈಟರ್ 6 – ಹಾಸನ, ಚಿಕ್ಕಮಗಳೂರಿನವರು ಬನ್ನಿ

ಬಿಎಂರೋಡ್_ಎಲೆಕ್ಟ್ರಿಕ್ (ಹಾಸನ)

ಡ್ಯುಯಲ್‌ಸೆನ್ಸ್, ಅಂದ್ರೆ ಪಿಎಸ್5ರ ಪ್ಯಾಡ್ (ಕಂಟ್ರೋಲರ್), ಕೇಬಲ್ ಹಾಕಿಯೇ ಆಟ. ಟೆಕ್ಕನ್ 8ರಲ್ಲಿ ನನ್ನ ಪಾತ್ರ ಕಜುಯಾ, ಸ್ಟ್ರೀಟ್ ಫೈಟರ್ 6ರಲ್ಲಿ ಕೆನ್. ತೊಂದರೆ ಮೂರು. ಮುಕ್ಕಾಲು ಗಂಟೆ ಆಗ್ತಿದ್ದ ಹಾಗೆ ಎಡ ಹೆಬ್ಬೆರಳ ಬುಡ ಹಿಡ್ಕೊಳ್ಳುತ್ತೆ. 2ಪಿ ಕಡೆ (ಪರದೆಯ ಬಲಗಡೆ) ನಿಂತರೆ ಡ್ರ್ಯಾಗನ್ ಪಂಚ್ (ಮೇಲೆದ್ದು ಹೊಡೆಯೋ ಗುದ್ದು) ಬದಲು ಜಂಪ್ ಬರುತ್ತೆ. ಬಲ ತೋರುಬೆರಳು ಪ್ಯಾಡಿನ ಮೇಲಂಚಿನ ಆರ್1 ಗುಂಡಿಯಿಂದ ಆರ್2ಗೆ ಇಳಿಯೋಷ್ಟರಲ್ಲಿ ಕಾಂಬೊ (ಸಾಲು ಹೊಡೆತ) ಬಿದ್ದುಹೋಗುತ್ತೆ.

ತೋರುಬೆರಳನ್ನ ಬಗ್ಗಿಸಿ ಮೇಲಿಂದ ಗುಂಡಿ ಒತ್ತೋ ಕ್ಲಾ ಹಿಡಿತ ಕಲೀಬೇಕಾ, ಪ್ಯಾಡೇ ಬದಲಿಸಬೇಕಾ? ಬೆಂಗಳೂರಿಗೆ ಹೋಗದೆ ಇಲ್ಲೇ ಸಿಗೋ ಸಾಮಾನಲ್ಲಿ ಆಗೋದಿದ್ರೆ ಮೊದಲು ಅದನ್ನ ಹೇಳಿ.

ಕಾಫಿಹೂವು (ಚಿಕ್ಕಮಗಳೂರು)

ಪ್ಯಾಡ್ ಬದಲಿಸೋ ಮುಂಚೆ ಒಂದು ಪರೀಕ್ಷೆ ಮಾಡಿ ನೋಡಿ ಮಾರಾಯ್ರೆ, ಅರ್ಧ ನಿಮಿಷ ಸಾಕು. ಆಡುವಾಗ ಹೇಗೆ ಹಿಡೀತೀರೋ ಹಾಗೇ ಹಿಡ್ಕೊಂಡು ಎರಡೂ ಹೆಬ್ಬೆರಳು ಮೇಲಕ್ಕೆತ್ತಿ. ತೋರುಬೆರಳುಗಳನ್ನೂ ಎಲ್1, ಆರ್1 ಮೇಲಿಂದ ತೆಗೀರಿ. ಪ್ಯಾಡ್ ಮುಂದಕ್ಕೆ ವಾಲಿತಾ, ಜಾರಿತಾ? ಹಾಗಾದ್ರೆ ಇಷ್ಟು ದಿನ ಅದನ್ನ ಹಿಡಿದಿದ್ದದ್ದು ನಿಮ್ಮ ಹೆಬ್ಬೆರಳು. ಮೇಲಿಂದ ಅದು ಒತ್ತುತ್ತೆ, ಕೆಳಗಿಂದ ಬೆರಳುಗಳು ಒತ್ತುತ್ತವೆ, ನಡುವೆ ಪ್ಯಾಡ್ ಇಕ್ಕಳಕ್ಕೆ ಸಿಕ್ಕಿದ ಹಾಗೆ. ಹೊರೆ ಹೊತ್ತ ಬೆರಳಿಗೇ ಓಟದ ಕೆಲಸಾನೂ ಕೊಟ್ಟರೆ ಬುಡ ನೋಯದೆ ಇನ್ನೇನಾಗುತ್ತೆ?

ಸರಿಯಾದ ಹಿಡಿತ ಹೀಗೆ. ಪ್ಯಾಡನ್ನ ಟೇಬಲ್ ಮೇಲೆ ಇಡಿ. ಹಿಡಿಗಳ ಕೆಳಗೆ ಮೊದಲು ಉಂಗುರ ಬೆರಳು ತೂರಿಸಿ, ಹಿಡಿ ದೇಹಕ್ಕೆ ಸೇರುವ ತಿರುವಿನಲ್ಲಿ ಅದು ಕೊಕ್ಕೆಯ ಹಾಗೆ ಕೂರಬೇಕು. ಮಧ್ಯದ ಬೆರಳು ಅದರ ಪಕ್ಕದಲ್ಲೇ ಇರಲಿ. ಕಿರುಬೆರಳು ಸುಮ್ಮನೆ ಸುತ್ತಿಕೊಂಡರೆ ಸಾಕು, ಅದನ್ನ ಪ್ಯಾಡಿನ ಕೆಳಗೆ ಹಲಗೆಯ ಹಾಗೆ ಚಾಚಿ ಇಡಬೇಡಿ, ಒಂದು ಗಂಟೆಯಲ್ಲಿ ಅದರ ಗೆಣ್ಣು ಹೇಳುತ್ತೆ. ಆಮೇಲೆ ಅಂಗೈಯ ಹೊರಬದಿ, ಅಂದರೆ ಕಿರುಬೆರಳ ಕೆಳಗಿನ ದಪ್ಪ ಭಾಗ, ಹಿಡಿಗೆ ತಾಗಲಿ. ಅಂಗೈ ನಡುವೆ ಗಾಳಿ ಆಡಬೇಕು, ಒಳಗೊಂದು ನಿಂಬೆಹಣ್ಣು ಇದ್ದ ಹಾಗೆ. ಕೊನೆಗೆ ಎತ್ತಿ. ಈಗ ಹೆಬ್ಬೆರಳು ಎರಡನ್ನೂ ಆಡಿಸಿ ನೋಡಿ, ಪ್ಯಾಡ್ ಅಲುಗಬಾರದು.

ಡ್ಯುಯಲ್‌ಸೆನ್ಸ್ ಸುಮಾರು 280 ಗ್ರಾಂ ಇದೆ, ಹಳೇ ಡ್ಯುಯಲ್‌ಶಾಕ್ 4 ಸುಮಾರು 210. ಎಪ್ಪತ್ತು ಗ್ರಾಂ ಅಂದರೆ ಏನು ಮಹಾ ಅನ್ಸುತ್ತೆ, ಆದ್ರೆ ಗಂಟೆಗಟ್ಟಲೆ ಗಾಳಿಯಲ್ಲಿ ಹಿಡಿದ್ರೆ ಗೊತ್ತಾಗುತ್ತೆ. ಅದಕ್ಕೇ ಮೊಣಕೈ, ಮುಂಗೈ ತೊಡೆ ಮೇಲೆ ಊರಿ, ಪ್ಯಾಡ್ ಹೊಕ್ಕುಳ ಮಟ್ಟದಲ್ಲಿರಲಿ. ಎದೆ ಮಟ್ಟಕ್ಕೆ ಎತ್ತಿ ಆಡುವವರಿಗೆ ಭುಜ ಮೊದಲು ಬಿಗಿಯಾಗುತ್ತೆ, ಆಮೇಲೆ ಆ ಬಿಗಿ ಬೆರಳಿಗೆ ಇಳಿಯುತ್ತೆ.

ಅರಸೀಕೆರೆ_ತೆಂಗು

ಕಾಫಿಹೂವು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಆಡ್ತಾ ಆಡ್ತಾ ಎಡ ಹೆಬ್ಬೆರಳ ಉಗುರು ನೋಡಿ. ಉಗುರಿನ ತುದಿ ಬೆಳ್ಳಗಾಗಿದ್ರೆ ಬೇಕಾದ್ದಕ್ಕಿಂತ ಜಾಸ್ತಿ ಒತ್ತುತಾ ಇದೀರಿ ಅಂತ ಅರ್ಥ. ಟ್ರೈನಿಂಗ್ ಮೋಡ್‌ನಲ್ಲಿ ಇನ್‌ಪುಟ್ ಡಿಸ್‌ಪ್ಲೇ ಆನ್ ಮಾಡಿ, ಡಿ-ಪ್ಯಾಡ್‌ನ ಬಲ ಗುಂಡಿ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತುತಾ ಹೋಗಿ. ಪರದೆ ಮೇಲೆ ಬಾಣದ ಗುರುತು ಬಂದ ಕ್ಷಣಕ್ಕೆ ನಿಲ್ಲಿಸಿ. ಅಷ್ಟೇ ಒತ್ತಡ ಸಾಕು. ಮಿಕ್ಕಿದ್ದೆಲ್ಲ ಬರೀ ಸಿಟ್ಟು.

ಬಿಎಂರೋಡ್_ಎಲೆಕ್ಟ್ರಿಕ್ (ಹಾಸನ)

ಹೆಬ್ಬೆರಳು ಎತ್ತಿದ ತಕ್ಷಣ ವಾಲ್ತು. ಸಿಕ್ಕಿಬಿದ್ದೆ. ಆದ್ರೆ ಉಂಗುರ ಬೆರಳು ಆ ತಿರುವಿಗೆ ಸರಿಯಾಗಿ ಮುಟ್ಟಲ್ಲ, ಕೈ ಸಣ್ಣದು. ಮತ್ತೆ 2ಪಿ ಕಡೆ ಜಂಪ್ ಯಾಕೆ?

ಹೊಯ್ಸಳ_ಪ್ಯಾಡ್ (ಹಾಸನ)

ಜಂಪ್ ವಿಷಯ ನಾನು ಹೇಳ್ತೀನಿ ಗುರು, ಅದು ಕೋನದ ಲೆಕ್ಕ.

ಡಿ-ಪ್ಯಾಡನ್ನ ಗಡಿಯಾರ ಅಂತ ಅಂದ್ಕೊ. ಮೇಲಿನ ಗುಂಡಿ 12, ಬಲದ್ದು 3. ಕೈ ಕೆಳಗೆ ಜಾರಿ ಹಿಡಿಯ ತುದಿಯಲ್ಲಿದ್ರೆ ಹೆಬ್ಬೆರಳು 1 ಗಂಟೆ ದಿಕ್ಕಿಗೆ ಚಾಚಿರುತ್ತೆ, ತುದಿ ಹೆಚ್ಚುಕಮ್ಮಿ ಮೇಲಿನ ಗುಂಡಿ ಮೇಲೇ ಕೂತಿರುತ್ತೆ. 1ಪಿ ಕಡೆ ಡ್ರ್ಯಾಗನ್ ಪಂಚ್ ಅಂದ್ರೆ ಬಲ, ಕೆಳಗೆ, ಕೆಳ-ಬಲ. ಬೆರಳು ಚಾಚೋ ಕೆಲಸ, ತುದಿ ಗುಂಡಿಯಿಂದ ದೂರ ಹೋಗುತ್ತೆ, ಬಚಾವು. 2ಪಿ ಕಡೆ ಎಡ, ಕೆಳಗೆ, ಕೆಳ-ಎಡ. ಈಗ ಬೆರಳು ಮಡಚಬೇಕು, ಎಡ ಗುಂಡಿಯನ್ನ ಒತ್ತೋದು ತುದಿ ಅಲ್ಲ, ಮೇಲ್ಗೆಣ್ಣಿನ ಕೆಳಗಿನ ಮಾಂಸ. ಗೆಣ್ಣು ಒತ್ತಿ ಏಳುವಾಗ ತುದಿ ಮೇಲಿನ ಗುಂಡಿಯನ್ನ ಸವರಿಕೊಂಡು ಹೋಗುತ್ತೆ. ಅಲ್ಲಿಗೆ ಕೆನ್ ಗಾಳೀಲಿ.

ಇನ್‌ಪುಟ್ ಪಟ್ಟಿಯಲ್ಲಿ ಎಡ, ಮೇಲೆ-ಎಡ, ಕೆಳಗೆ ಅಂತ ಕಾಣ್ತಾ ಇದ್ರೆ ಇದೇ ಕಾಯಿಲೆ. ಎಡಗೈಯನ್ನ ಹಿಡಿ ಮೇಲೆ ಒಂದು ಸೆಂಟಿಮೀಟರ್ ಮೇಲಕ್ಕೆ ಸರಿಸು. ಹೆಬ್ಬೆರಳ ಬುಡ ಡಿ-ಪ್ಯಾಡ್‌ನ ಸಮಕ್ಕೆ ಬಂದ್ರೆ ಬೆರಳು ತಾನಾಗೇ 2-3 ಗಂಟೆ ಮಧ್ಯಕ್ಕೆ ಮಲಗುತ್ತೆ. ಮೇಲ್ಗೆಣ್ಣು ಡಿ-ಪ್ಯಾಡ್‌ನ ನಡುಗುಳಿಯ ಸ್ವಲ್ಪ ಎಡಕ್ಕೆ, ತುದಿ ಬಲ ಗುಂಡಿ ಮೇಲೆ. ಇನ್ನು ಮೇಲೆ ಜಂಪ್ ಬೇಕಾದ್ರೆ ಬೆರಳನ್ನ ಬೇಕಂತಲೇ ಹೊರಳಿಸಬೇಕು. ಅದೇ ನಮಗೆ ಬೇಕಾದ್ದು.

ಹತ್ತು ಹತ್ತರಂತೆ ಮಾಡು: 1ಪಿ ಕಡೆ ಹತ್ತು, 2ಪಿ ಕಡೆ ಹತ್ತು, ಹೀಗೆ ನಾಲ್ಕು ಸುತ್ತು. ಎಷ್ಟು ಬಂತು ಅಂತ ಅಲ್ಲ, ತಪ್ಪಿದ್ದರಲ್ಲಿ ಯಾವ ಬಾಣ ಜಾಸ್ತಿ ಬಂದಿದೆ ಅಂತ ಬರ್ಕೊ. ಮೇಲ್ಬಾಣ ಬಂದ್ರೆ ಕೈ ಕೆಳಗಿದೆ. ಕೆಳ-ಎಡ ಬರದೆ ಬರೀ ಎಡ, ಕೆಳಗೆ, ಎಡ ಬಂದ್ರೆ ಬೆರಳು ಉರುಳ್ತಾ ಇಲ್ಲ, ಕುಕ್ಕುತಾ ಇದೆ.

ಕಾಫಿಹೂವು (ಚಿಕ್ಕಮಗಳೂರು)

ಸಣ್ಣ ಕೈಯವರಿಗೆ: ಮಣಿಕಟ್ಟಿನ ಗೆರೆಯಿಂದ ಮಧ್ಯದ ಬೆರಳ ತುದಿವರೆಗೆ ಅಳೀರಿ. 17 ಸೆಂ.ಮೀ. ಒಳಗಿದ್ರೆ ಡ್ಯುಯಲ್‌ಸೆನ್ಸ್ ಸ್ವಲ್ಪ ದೊಡ್ಡದೇ, ಡ್ಯುಯಲ್‌ಶಾಕ್ 4 ಹಿಡಿ ತೆಳು, ಪಿಸಿಯಲ್ಲಿ ಆಡೋದಾದ್ರೆ ಅದೇ ಹೆಚ್ಚು ಒಗ್ಗುತ್ತೆ (ಪಿಎಸ್5 ಆಟಗಳಿಗೆ ಅದು ನಡೆಯಲ್ಲ). ಉಂಗುರ ಬೆರಳು ತಿರುವಿಗೆ ಮುಟ್ಟದಿದ್ರೆ ಮಧ್ಯದ ಬೆರಳನ್ನೇ ಕೊಕ್ಕೆ ಮಾಡಿ, ಉಂಗುರ ಬೆರಳು ಹಿಡಿಯನ್ನ ಸುತ್ತಲಿ. ಹೊರೆ ಬೇರೆ ಬೆರಳಿಗೆ ಹೋದ್ರೆ ಆಯ್ತು, ಯಾವುದಕ್ಕೆ ಅನ್ನೋದು ಆಮೇಲಿನ ಮಾತು. ಸಿಲಿಕಾನ್ ಕವರ್ ಹಾಕಿದ್ರೆ ಮಾತ್ರ ಇವತ್ತೇ ಕಿತ್ತಾಕಿ. ಹಿಡಿ ದಪ್ಪ ಆಗುತ್ತೆ, ಒಳಗೆ ಬೆವರು ನಿಲ್ಲುತ್ತೆ, ಡಿ-ಪ್ಯಾಡ್ ಸುತ್ತ ಕವರಿನ ಅಂಚು ಬೆರಳಿಗೆ ತಡೆಯೋದು ಬೇರೆ.

ಎಕ್ಸ್‌ಬಾಕ್ಸ್ ಪ್ಯಾಡ್‌ನವರಿಗೂ ಒಂದು ಮಾತು. ಅಲ್ಲಿ ಡಿ-ಪ್ಯಾಡ್ ಸ್ಟಿಕ್ಕಿನ ಕೆಳಗಿದೆ, ಹೆಬ್ಬೆರಳು ಒಳಕ್ಕೆ ಬಾಗಿ ಮಣಿಕಟ್ಟು ಕಿರುಬೆರಳ ಕಡೆಗೆ ಸೊಟ್ಟ ಆಗುತ್ತೆ. ಪ್ಯಾಡನ್ನ ನೇರ ಹಿಡೀಬೇಡಿ. ಎಡಭಾಗ ಮೇಲೆ, ಬಲಭಾಗ ಕೆಳಗೆ ಇರೋ ಹಾಗೆ ಸ್ವಲ್ಪ ಓರೆ ಮಾಡಿದ್ರೆ ಮಣಿಕಟ್ಟು ನೇರ ಆಗುತ್ತೆ. ಮತ್ತೆ ಕೇಬಲ್ ಹಾಕಿ ಆಡುವಾಗ ಒಳಗಿನ ಎರಡು ಸೆಲ್ ತೆಗೆದುಬಿಡಿ. ಯುಎಸ್‌ಬಿ ವಿದ್ಯುತ್ತಲ್ಲೇ ಅದು ನಡೆಯುತ್ತೆ, ಕೈಗೆ ಭಾರವೂ ಕಮ್ಮಿ.

ಮಿಷಿಮಾ_ಮಲೆನಾಡು (ಕೊಪ್ಪ)

ಕಜುಯಾ ಅಂದ್ರಲ್ಲ, ಅವನ ಮಿಂಚಿನ ಗುದ್ದು ಎಲೆಕ್ಟ್ರಿಕ್‌ಗೆ ಹಿಡಿತ ಬೇರೆಯೇ ಬೇಕು, ಯಾರೂ ಹೇಳ್ಲಿಲ್ಲ.

ಮುಂದೆ, ತಟಸ್ಥ (ಯಾವ ದಿಕ್ಕೂ ಒತ್ತದೆ), ಕೆಳಗೆ, ಕೆಳ-ಮುಂದೆ. ಆ ಕೆಳ-ಮುಂದೆಯೂ ಟ್ರಯಾಂಗಲ್ಲೂ ಒಂದೇ ಫ್ರೇಮಲ್ಲಿ ಬೀಳಬೇಕು. ಆಟ ಸೆಕೆಂಡಿಗೆ 60 ಫ್ರೇಮ್ ಓಡುತ್ತೆ, ಅಂದರೆ ನಿಮಗಿರೋದು ಸುಮಾರು 16.7 ಮಿಲಿಸೆಕೆಂಡ್. ಒಂದು ಫ್ರೇಮ್ ತಡವಾದ್ರೆ ಮಿಂಚಿಲ್ಲದ ಸಾದಾ ವಿಂಡ್ ಗಾಡ್ ಫಿಸ್ಟ್ ಬರುತ್ತೆ, ಬ್ಲಾಕ್ ಆದ ಮೇಲೆ ಎದುರಾಳಿ ಹೊಡೀತಾನೆ.

ಪ್ಯಾಡ್‌ನಲ್ಲಿ ತಪ್ಪೋದು ತಟಸ್ಥದಲ್ಲಿ. ಸ್ಟ್ರೀಟ್ ಫೈಟರ್ ಆಡಿದವರ ಬೆರಳು ಬಲದಿಂದ ಕೆಳಕ್ಕೆ ಉರುಳಿಸಿಕೊಂಡೇ ಹೋಗುತ್ತೆ, ಮಧ್ಯೆ ಕೆಳ-ಬಲ ಮೂಲೆ ತಾಗಿ ತಟಸ್ಥವೇ ಬರಲ್ಲ. ಇಲ್ಲಿ ಬೆರಳು ಎತ್ತಬೇಕು. ತುದಿಯಿಂದ ಬಲ ಗುಂಡಿ ತಟ್ಟಿ, ತುದಿ ಎತ್ತಿ, ಮೇಲ್ಗೆಣ್ಣಿನ ಬದಿಯಿಂದ ಕೆಳಗಿನ ಗುಂಡಿ ಒತ್ತಿ, ಅಲ್ಲಿಂದ ತುದಿಯನ್ನ ಬಲಕ್ಕೆ ಇಳಿಸಿ. ಎರಡು ಬೇರೆ ಬೇರೆ ಜಾಗದ ಚರ್ಮ ಕೆಲಸ ಮಾಡುತ್ತೆ. ಅದಕ್ಕೆ ಹೆಬ್ಬೆರಳು ನೆಟ್ಟಗೆ ನಿಂತಿರಬಾರದು, ಮಲಗಿರಬೇಕು. ಹೊಯ್ಸಳ ಹೇಳಿದ 2-3 ಗಂಟೆ ಕೋನ ಇಲ್ಲಿಗೂ ಸರಿ.

ಅಭ್ಯಾಸಕ್ಕೆ ಮೊದಲು ಟ್ರಯಾಂಗಲ್ ಮುಟ್ಟಬೇಡಿ. ಬರೀ ಆ ನಾಲ್ಕು ದಿಕ್ಕು, ಅಂದ್ರೆ ಕ್ರೌಚ್ ಡ್ಯಾಶ್, 50 ಸಲ, ಪಟ್ಟಿಯಲ್ಲಿ ನಾಲ್ಕೂ ಗುರುತು ಬೇರೆ ಬೇರೆ ಕಾಣಬೇಕು. ಆಮೇಲೆ ಟ್ರಯಾಂಗಲ್ ಸೇರಿಸಿ. ಟ್ರಯಾಂಗಲ್‌ಗೆ ಬಲ ಹೆಬ್ಬೆರಳು ಗುಂಡಿ ಮೇಲೆ ತಾಗಿಕೊಂಡೇ ಕಾಯಲಿ, ಗಾಳಿಯಿಂದ ಇಳಿಯೋದು ಬೇಡ.

ಕೊರಿಯನ್ ಬ್ಯಾಕ್‌ಡ್ಯಾಶ್‌ಗೂ (ಬಿಡದೆ ಹಿಂದೆ ಸರಿಯೋದು) ಇದೇ ಮಲಗಿದ ಬೆರಳು. ಹಿಂದೆ-ಹಿಂದೆ ತಟ್ಟಿ, ಕೆಳ-ಹಿಂದಿನ ಮೂಲೆಗೆ ಉರುಳಿಸಿ, ಮತ್ತೆ ಹಿಂದಕ್ಕೆ. ಅನಲಾಗ್ ಸ್ಟಿಕ್ಕಿನಲ್ಲಿ ಇದನ್ನ ಮಾಡಕ್ಕೆ ಹೋಗ್ಬೇಡಿ, ಅದರ ಓಡಾಟ ಉದ್ದ, ನಡುವಿಗೆ ವಾಪಸ್ ಬರೋಷ್ಟರಲ್ಲಿ ಲಯ ತಪ್ಪುತ್ತೆ.

ಬೀರೂರು_ಜಂಕ್ಷನ್

ಇಷ್ಟೆಲ್ಲ ಯಾಕೆ, ಕ್ಲಾ ಕಲಿತ್ರೆ ಆರ್1-ಆರ್2 ಸಮಸ್ಯೆಯೂ ಮುಗೀತು. ಹೆಬ್ಬೆರಳಿಗೆ ಎಕ್ಸ್ ಮತ್ತು ಸರ್ಕಲ್. ತೋರುಬೆರಳನ್ನ ಮಡಚಿ ಮೇಲಿಂದ ತಂದು ಸ್ಕ್ವೇರ್, ಟ್ರಯಾಂಗಲ್. ಮಧ್ಯದ ಬೆರಳಿಗೆ ಆರ್1, ಆರ್2. ಒಂದೊಂದು ಬೆರಳಿಗೆ ಎರಡೆರಡು ಗುಂಡಿ, ಲೆಕ್ಕ ಸರಿಯಾಯ್ತು.

ಕಾಫಿಹೂವು (ಚಿಕ್ಕಮಗಳೂರು)

ಗುಂಡಿ ಲೆಕ್ಕ ಸರಿಯಾಯ್ತು, ಹಿಡಿಯೋ ಬೆರಳಿನ ಲೆಕ್ಕ? ಕ್ಲಾದಲ್ಲಿ ಬಲಗೈಯ ಮೂರು ಬೆರಳು ಆಟಕ್ಕೆ ಹೋದ್ವು. ಉಳಿದದ್ದು ಉಂಗುರ, ಕಿರುಬೆರಳು. ಭಾರ ಪೂರ್ತಿ ಎಡಗೈಗೆ, ಅಂದರೆ ನೋಯ್ತಿರೋ ಕೈಗೇ. ಜೊತೆಗೆ ತೋರುಬೆರಳು ಕೊಕ್ಕಿನ ಹಾಗೆ ಬಾಗಿ, ಮಣಿಕಟ್ಟು ಹಿಂದಕ್ಕೆ ಮುರಿದುಕೊಳ್ಳುತ್ತೆ. ಹುಡುಗರು ಬಿಜಿಎಂಐಯಲ್ಲಿ ಕ್ಲಾ ಆಡ್ತಾರಲ್ಲ, ಅಲ್ಲಿ ಫೋನ್ ಚಪ್ಪಟೆ, ಹಗುರ. ಅದೇ ಇಲ್ಲಿ ಆಗಬೇಕು ಅಂತಿಲ್ಲ.

ಬೀರೂರು_ಜಂಕ್ಷನ್

ಪ್ಯಾಡ್ ತೊಡೆಗೆ ಆನಿಸಿದ್ರೆ ಭಾರದ ಪ್ರಶ್ನೆಯೇ ಬರಲ್ಲ. ಮಣಿಕಟ್ಟು ಮುರಿಯೋದು ಪ್ಯಾಡನ್ನ ಮುಖದ ಕಡೆ ತಿರುಗಿಸಿಕೊಂಡವರಿಗೆ. ಮುಂಭಾಗ ನೆಲದ ಕಡೆಗೆ ಬಗ್ಗಿಸಿ, ಗುಂಡಿಗಳು ಛಾವಣಿ ನೋಡ್ತಾ ಇರಲಿ, ಆಗ ಮಣಿಕಟ್ಟು ನೇರವೇ ಇರುತ್ತೆ. ತೋರುಬೆರಳ ಉಗುರು ಸಣ್ಣಗೆ ಕತ್ತರಿಸಿರಬೇಕು, ಒತ್ತೋದು ಉಗುರಿನಿಂದ ಅಲ್ಲ, ತುದಿಯ ಮಾಂಸದಿಂದ. ಮೊದಲ ವಾರ ದಿನಕ್ಕೆ 15-20 ನಿಮಿಷ ಮೀರಿಸ್ಬೇಡಿ. ಒಪ್ತೀನಿ, ಟೆಕ್ಕನ್‌ಗೆ ಇದು ಬೇಕಿಲ್ಲ. ಆರು ಗುಂಡಿಯ ಸ್ಟ್ರೀಟ್ ಫೈಟರ್‌ಗೆ ಬೇಕು.

ಹೊಯ್ಸಳ_ಪ್ಯಾಡ್ (ಹಾಸನ)

ಇಬ್ಬರೂ ಗುಂಡಿಯ ಜಾಗ ಬದಲಿಸೋದನ್ನೇ ಮರೆತ್ರಿ. ಬೆರಳು ಬಗ್ಗಿಸೋಕೆ ಮುಂಚೆ ಆಪ್ಷನ್ಸ್‌ಗೆ ಹೋಗಿ ಗುಂಡಿ ಬಗ್ಗಿಸಿ.

ಸ್ಟ್ರೀಟ್ ಫೈಟರ್ 6 ಕ್ಲಾಸಿಕ್ ಕಂಟ್ರೋಲ್‌ನಲ್ಲಿ ಸ್ಕ್ವೇರ್ ಲೈಟ್ ಪಂಚ್, ಟ್ರಯಾಂಗಲ್ ಮೀಡಿಯಂ ಪಂಚ್, ಆರ್1 ಹೆವಿ ಪಂಚ್. ಎಕ್ಸ್, ಸರ್ಕಲ್, ಆರ್2 ಅದೇ ಕ್ರಮದಲ್ಲಿ ಕಿಕ್‌ಗಳು. ತೋರುಬೆರಳು ಆರ್1, ಮಧ್ಯದ ಬೆರಳು ಆರ್2 ಮೇಲೆ ಕಾಯಂ ಇಟ್ಟುಬಿಡಿ, ಒಂದೇ ಬೆರಳು ಹತ್ತಿ ಇಳಿಯೋದು ಬೇಡ. ಮಧ್ಯದ ಬೆರಳು ಮೇಲೆ ಹೋದಾಗ ಹೊರೆ ಉಂಗುರ ಬೆರಳಿಗೆ ಬೀಳುತ್ತೆ, ಅದಕ್ಕೇ ಕಾಫಿಹೂವು ಅದನ್ನ ಮೊದಲು ತೂರಿಸಿ ಅಂದಿದ್ದು.

ಆರ್2 ಓಡಾಟ ಉದ್ದ ಅನ್ನಿಸಿದ್ರೆ ಹೆವಿ ಕಿಕ್ಕನ್ನ ಎಲ್1ಗೆ ಹಾಕಿ. ಎಡ ತೋರುಬೆರಳು ಹೇಗೂ ಖಾಲಿ ಕೂತಿದೆ. ಇಲ್ಲ ಅಂದ್ರೆ ಎಲ್1ಗೆ ಡ್ರೈವ್ ಇಂಪ್ಯಾಕ್ಟ್ (ಏಟು ತಡ್ಕೊಂಡೇ ಹೊಡೆಯೋ ಭಾರಿ ಹೊಡೆತ): ಎದುರಾಳಿಯ ಇಂಪ್ಯಾಕ್ಟ್ ತಾಗಕ್ಕೆ 26 ಫ್ರೇಮ್ ಹಿಡಿಯುತ್ತೆ, ಅರ್ಧ ಸೆಕೆಂಡೂ ಇಲ್ಲ. ಕಂಡು ತಿರುಗಿ ಹೊಡೀಬೇಕಾದ ಗುಂಡಿ ಚುರುಕಾದ ಜಾಗದಲ್ಲಿರಲಿ. ಪ್ಯಾರಿ (ಹೊಡೆತ ತಡೆಯೋದು) ಹಿಡಿದಿಟ್ಟುಕೊಳ್ಳೋ ಕೆಲಸ, ಅದು ಎಲ್2ಗೆ ಸರಿ. ಥ್ರೋಗೆ ಬೇರೆ ಗುಂಡಿ ಯಾಕೆ? ಸ್ಕ್ವೇರ್ ಮತ್ತು ಎಕ್ಸ್ ಅಕ್ಕಪಕ್ಕ, ಹೆಬ್ಬೆರಳನ್ನ ಓರೆಯಾಗಿ ಮಲಗಿಸಿದ್ರೆ ಎರಡೂ ಒಟ್ಟಿಗೆ ಬೀಳುತ್ತವೆ.

ಟೆಕ್ಕನ್‌ಗೂ ಇದೇ ಜಾಮಿಟ್ರಿ: 1 ಸ್ಕ್ವೇರ್, 2 ಟ್ರಯಾಂಗಲ್, 3 ಎಕ್ಸ್, 4 ಸರ್ಕಲ್. 1+2, 3+4, 1+3, 2+4 ನಾಲ್ಕೂ ಪಕ್ಕದ ಜೋಡಿಗಳು, ಮಲಗಿದ ಹೆಬ್ಬೆರಳಿಗೆ ಸಿಗುತ್ತವೆ. ಹೀಟ್ ಬರ್ಸ್ಟ್ ಅನ್ನೋ ಹೊಡೆತದ 2+3 ಮಾತ್ರ ಟ್ರಯಾಂಗಲ್-ಎಕ್ಸ್, ಎದುರುಬದುರು. 1+4 ಕೂಡ ಹಾಗೇ. ಒಂದೇ ಹೆಬ್ಬೆರಳಲ್ಲಿ ಒತ್ತಕ್ಕೆ ಹೋದ್ರೆ ಪಕ್ಕದ್ದೂ ಬಿದ್ದು ಬೇರೇನೋ ಆಗುತ್ತೆ. 2+3ನ್ನ ಆರ್1ಗೆ ಹಾಕಿ ಮರೆತುಬಿಡಿ.

ಪಿಎಸ್5 ಸೆಟ್ಟಿಂಗ್ಸ್, ಆಕ್ಸೆಸರೀಸ್, ಕಂಟ್ರೋಲರ್ಸ್‌ಗೆ ಹೋಗಿ ವೈಬ್ರೇಷನ್ನೂ ಟ್ರಿಗರ್ ಎಫೆಕ್ಟೂ ಆಫ್ ಮಾಡಿ. ಅಲ್ಲೇ ಸಂಪರ್ಕದ ವಿಧಾನ ಯುಎಸ್‌ಬಿ ಕೇಬಲ್ ಅಂತ ಆರಿಸಿ. ಕೇಬಲ್ ಚುಚ್ಚಿದ್ರೂ ಎಷ್ಟೋ ಜನರ ಪ್ಯಾಡ್ ಬ್ಲೂಟೂತಲ್ಲೇ ಮಾತಾಡ್ತಿರುತ್ತೆ.

ಅರಸೀಕೆರೆ_ತೆಂಗು

ಟೆಕ್ಕನ್ ಒಂದೇ ಆಡೋರಿಗೆ ಇನ್ನೊಂದು ದಾರಿ, ಇಲ್ಲಿ ನಾವು ಹಾರ್ಮೋನಿಯಂ ಹಿಡಿತ ಅಂತೀವಿ. ಪ್ಯಾಡನ್ನ ಬಲತೊಡೆ ಮೇಲೆ ಇಲ್ಲಾ ಟೇಬಲ್ ಮೇಲೆ ಚಪ್ಪಟೆ ಇಟ್ಟು, ಎಡಗೈ ಮಾಮೂಲಿ ಹಿಡಿ, ಬಲಗೈ ಮೇಲಿಂದ. ತೋರುಬೆರಳು ಸ್ಕ್ವೇರ್-ಎಕ್ಸ್, ಮಧ್ಯದ ಬೆರಳು ಟ್ರಯಾಂಗಲ್-ಸರ್ಕಲ್. 2+3 ಎರಡು ಬೆರಳಲ್ಲಿ ಸಲೀಸು. ಪ್ಯಾಡ್ ಜಾರುತ್ತೆ, ಅದಕ್ಕೆ ಪಾತ್ರೆ ಅಂಗಡಿಯಲ್ಲಿ ಡ್ರಾಯರ್ ಒಳಗೆ ಹಾಸೋ ತೂತು ತೂತಿನ ರಬ್ಬರ್ ಮ್ಯಾಟ್ ಸಿಗುತ್ತೆ, ಒಂದು ಗೇಣು ಕತ್ತರಿಸಿ ಅಡಿಗೆ ಹಾಕಿ. ಭುಜದ ಗುಂಡಿಗಳು ಕೈಗೆ ಸಿಗಲ್ಲ, ಹಾಗಾಗಿ ಸ್ಟ್ರೀಟ್ ಫೈಟರ್‌ಗೆ ಈ ದಾರಿ ಮುಚ್ಚಿದೆ.

ಮಿಷಿಮಾ_ಮಲೆನಾಡು (ಕೊಪ್ಪ)

ಮುಖದ ಮೇಲೇ ಆರು ಗುಂಡಿ ಇರೋ ಪ್ಯಾಡ್ ಆದ್ರೆ ಮುಚ್ಚಿಲ್ಲ. ಹೋರಿ ಫೈಟಿಂಗ್ ಕಮಾಂಡರ್ ಆಕ್ಟಾ ಇದೆ, ಪಿಸಿಗೆ ಆದ್ರೆ 8ಬಿಟ್‌ಡೊ ಎಂ30 ಇದೆ. ಆಕ್ಟಾ ತಗೊಳ್ಳುವಾಗ ಪ್ಲೇಸ್ಟೇಷನ್‌ದಾ ಎಕ್ಸ್‌ಬಾಕ್ಸ್‌ದಾ ಅಂತ ಡಬ್ಬಿ ಮೇಲೆ ಎರಡು ಸಲ ನೋಡಿ, ಬೇರೆ ಬೇರೆ ಮಾಡೆಲ್.

ಹಿರೇಕೊಳಲೆ_ಹಿಟ್‌ಬಾಕ್ಸ್ (ಚಿಕ್ಕಮಗಳೂರು)

ಪ್ಯಾಡೇ ಬಿಡಿ ಗುರು. ರಾಸ್ಪ್‌ಬೆರಿ ಪೈ ಪಿಕೊ ಅನ್ನೋ ಪುಟ್ಟ ಬೋರ್ಡು, ಜಿಪಿ2040-ಸಿಇ ಫರ್ಮ್‌ವೇರ್, 24 ಮಿ.ಮೀ. ಗುಂಡಿಗಳು, ಒಂದು ಪ್ಲೈವುಡ್ ಹಲಗೆ. ಸ್ಟಿಕ್ಕಿಲ್ಲದೆ ಬರೀ ಗುಂಡಿ ಇರೋ ಲಿವರ್‌ಲೆಸ್ ಕಂಟ್ರೋಲರ್ ರೆಡಿ, ಹೆಬ್ಬೆರಳಿಗೆ ಜಂಪ್ ಒಂದೇ ಕೆಲಸ.

ಹೊಯ್ಸಳ_ಪ್ಯಾಡ್ (ಹಾಸನ)

ಕೇಳಿದ್ದು ಪ್ಯಾಡ್ ಹಿಡಿತ. ಪಿಕೊ ಪಿಸಿಗೆ ಸಲೀಸು, ಪಿಎಸ್5ಗೆ ದೃಢೀಕರಣದ ತಲೆನೋವು ಬೇರೆ ಇದೆ, ಅದಕ್ಕೆ ಬೇರೆ ಚರ್ಚೆ ತೆಗಿ. ಪ್ಯಾಡ್ ಅಂದ್ರೆ ಕೀಳು ಅಂತಲೂ ಅಲ್ಲ. 2014ರ ಇವೊ ಟೂರ್ನಮೆಂಟಿನಲ್ಲಿ ಅಲ್ಟ್ರಾ ಸ್ಟ್ರೀಟ್ ಫೈಟರ್ 4 ಗೆದ್ದ ಫ್ರಾನ್ಸಿನ ಲಫ್ಫಿ ಕೈಯಲ್ಲಿದ್ದದ್ದು ಮೊದಲ ಪ್ಲೇಸ್ಟೇಷನ್ನಿನ ಪ್ಯಾಡ್.

ಸಕಲೇಶಪುರ_ಘಾಟಿ

ನಮ್ಮ ಕಡೆ ದೊಡ್ಡ ಶತ್ರು ಮಳೆಗಾಲ. ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯೋ ಊರಲ್ಲಿ ಪ್ಯಾಡ್ ಒಳಗಿನ ರಬ್ಬರ್ ಸುಮ್ನಿರುತ್ತಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಷ್ಟು ಮಾಡಿ.

ಹಿಡಿಗೆ: ಸ್ಪೋರ್ಟ್ಸ್ ಅಂಗಡಿಯಲ್ಲಿ ಬ್ಯಾಡ್ಮಿಂಟನ್ ರ‍್ಯಾಕೆಟ್‌ಗೆ ಸುತ್ತೋ ಓವರ್‌ಗ್ರಿಪ್ ಸಿಗುತ್ತೆ, ಸುಮಾರು 25 ಮಿ.ಮೀ. ಅಗಲ, ಮೀಟರಿಗೆ ಸ್ವಲ್ಪ ಜಾಸ್ತಿ ಉದ್ದ. ಒಂದರಲ್ಲಿ ಎರಡೂ ಹಿಡಿ ಮುಗಿದು ಇನ್ನೂ ಮಿಗುತ್ತೆ. ಪ್ರತಿ ಹಿಡಿಗೆ 25 ಸೆಂ.ಮೀ. ಕತ್ತರಿಸಿ. ಹಿಡಿಯ ತುದಿಯಿಂದ ಶುರು ಮಾಡಿ ದೇಹದ ಕಡೆ ಸುತ್ತುತಾ ಬನ್ನಿ, ಒಂದರ ಮೇಲೊಂದು 3 ಮಿ.ಮೀ. ಮಾತ್ರ ಕೂರಲಿ. ಜಾಸ್ತಿ ಕೂರಿಸಿದ್ರೆ ಅಲ್ಲೇ ಏಣು ಎದ್ದು ಉಂಗುರ ಬೆರಳಿಗೆ ಒತ್ತುತ್ತೆ. ಕೊನೆಯ ಅಂಚು ಹಿಡಿಯ ಅಡಿಭಾಗದಲ್ಲಿ ಮುಗಿಯಲಿ, ಅಂಗೈ ಕಡೆ ಬೇಡ. ಅಂಟಂಟು ಗ್ರಿಪ್ ಬೇಡ, ಒಣ ಮಾದರಿ ಕೇಳಿ. ಸಣ್ಣ ಕೈಯವರು ಇದನ್ನ ಹಾಕೋದೇ ಬೇಡ, ಹಿಡಿ ದಪ್ಪ ಆಗುತ್ತೆ.

ಹೆಬ್ಬೆರಳಿಗೆ: ಮೊಬೈಲ್ ಅಂಗಡಿಯಲ್ಲಿ ಬಿಜಿಎಂಐ ಹುಡುಗರಿಗೆ ಅಂತ ಮಾರೋ ತೆಳು ಬಟ್ಟೆಯ ಬೆರಳು ಚೀಲ ಇದೆಯಲ್ಲ, ಎಡ ಹೆಬ್ಬೆರಳಿಗೆ ಹಾಕ್ಕೊಳಿ. ಬೆವರಿನ ಚರ್ಮ ಡಿ-ಪ್ಯಾಡ್ ಮೇಲೆ ಅಂಟಿ ಅಂಟಿ ಉರುಳುತ್ತೆ, ಬೊಬ್ಬೆ ಬರೋದು ಅದರಿಂದಲೇ. ಬಟ್ಟೆ ಜಾರುತ್ತೆ. ಮೆಡಿಕಲ್ ಶಾಪಿನ ಅರ್ಧ ಇಂಚಿನ ಕಾಗದದ ಟೇಪು ಒಂದೂವರೆ ಸುತ್ತು ಸುತ್ತಿದ್ರೂ ಆಗುತ್ತೆ, ಗೆಣ್ಣಿನ ಮೇಲೆ ಮಾತ್ರ ಸುತ್ತಬೇಡಿ. ಬಟ್ಟೆಯ ಪ್ಲಾಸ್ಟರ್ ಬೇಡ, ತೀರಾ ಹಿಡಿಯುತ್ತೆ. ಪೌಡರ್ ಹಾಕ್ಲೇಬೇಡಿ. ಗುಂಡಿ ಸಂದಿಗೆ ಇಳಿದು ಬೆವರಲ್ಲಿ ಕಲಸಿ ಹಿಟ್ಟಾಗುತ್ತೆ.

ಡಿ-ಪ್ಯಾಡ್ ಒತ್ತಿದ್ದು ಎದ್ದು ಬರೋಕೆ ತಡವಾದ್ರೆ, ಹತ್ತಿಬಟ್ಟೆಗೆ 99% ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ, ಪ್ಯಾಡ್ ಆಫ್ ಇರುವಾಗ ಗುಂಡಿ ಅಂಚಿನ ಸಂದಿ ಒರೆಸಿ. ಸುರಿಯೋದಲ್ಲ, ಒರೆಸೋದು. ಹತ್ತು ನಿಮಿಷ ಒಣಗಲಿ. ಆಟ ಮುಗಿದ ಮೇಲೆ ಬೆವರು ಒರೆಸಿ, ಮುಚ್ಚಳ ಬಿಗಿ ಇರೋ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಚಪ್ಪಲಿ ಡಬ್ಬಿಯಲ್ಲಿ ಬಂದಿದ್ದೇ ಸಾಕು.

ಕಾಫಿಹೂವು (ಚಿಕ್ಕಮಗಳೂರು)

ಚಳಿಗಾಲ ಮರೆತ್ರಿ. ಡಿಸೆಂಬರ್-ಜನವರಿ ಬೆಳಿಗ್ಗೆ ಇಲ್ಲಿ ಬೆರಳು ಮರದ ಕೊರಡು. ತಣ್ಣಗಿರೋ ಕೈಯಲ್ಲಿ ಕೂತ ತಕ್ಷಣ ರ‍್ಯಾಂಕ್ಡ್ ಬೇಡ. ಉಗುರುಬೆಚ್ಚನೆ ನೀರಲ್ಲಿ ಕೈ ಮೂರು ನಿಮಿಷ, ಚೆನ್ನಾಗಿ ಒರೆಸಿ, ಐದು ನಿಮಿಷ ನಿಧಾನಕ್ಕೆ ಕ್ವಾರ್ಟರ್ ಸರ್ಕಲ್ (ಡಿ-ಪ್ಯಾಡ್ ಮೇಲೆ ಕೆಳಗಿನಿಂದ ಮುಂದಕ್ಕೆ ಕಾಲು ಸುತ್ತು). ಕಾಫಿ ಲೋಟ ಎರಡು ಕೈಯಲ್ಲಿ ಹಿಡ್ಕೊಂಡ್ರೂ ಕೆಲಸ ಆಗುತ್ತೆ.

ಬೇಲೂರು_ಫಿಸಿಯೊ

ನೋವಿನ ಬಗ್ಗೆ ಸ್ವಲ್ಪ ಗಂಭೀರವಾಗಿ. ಎಲ್ಲ ನೋವೂ ಹಿಡಿತ ಬದಲಿಸಿದರೆ ಹೋಗುವಂಥದ್ದಲ್ಲ, ಜಾಗ ನೋಡಿ ಬೇರೆ ಮಾಡಿಕೊಳ್ಳಿ.

ಹೆಬ್ಬೆರಳ ಬುಡದ ದಪ್ಪ ಮಾಂಸ ಆಟದ ಹೊತ್ತಿಗೆ ಸೋತು, ರಾತ್ರಿ ಕಳೆದರೆ ಸರಿಹೋಗುತ್ತಿದ್ದರೆ ಅದು ದಣಿವು. ಮೇಲೆ ಹೇಳಿದ ಹಿಡಿತ, ಪ್ರತಿ 30-40 ನಿಮಿಷಕ್ಕೆ ಐದು ನಿಮಿಷ ಬಿಡುವು, ಇಷ್ಟು ಸಾಕು.

ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ, ಮೂಳೆ ಉಬ್ಬಿರುವ ಜಾಗದಲ್ಲಿ ನೋವಿದ್ದರೆ ಬೇರೆ ಮಾತು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಮಣಿಕಟ್ಟನ್ನು ಮೆಲ್ಲಗೆ ಕಿರುಬೆರಳ ಕಡೆಗೆ ಬಗ್ಗಿಸಿ. ಆ ಜಾಗದಲ್ಲಿ ಚುಳ್ ಎಂದರೆ ಹೆಬ್ಬೆರಳಿನ ಸ್ನಾಯುರಜ್ಜುಗಳ ಕವಚ ಊದಿಕೊಂಡಿರುವ ಸಾಧ್ಯತೆ ಇದೆ, ಡಿ ಕೆರ್ವೇನ್ ಅನ್ನುತ್ತಾರೆ. ಸ್ವಲ್ಪ ಎಳೆದಂತೆ ಆಗುವುದು ಎಲ್ಲರಿಗೂ ಸಹಜ, ಎರಡೂ ಕೈ ಹೋಲಿಸಿ ನೋಡಿ. ಚುಳ್ ಎಂದರೆ ಆಟ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿಸಿಕೊಳ್ಳಬೇಡಿ, ಊತ ಹೆಚ್ಚುತ್ತದೆ.

ಜೋಮು ಹಿಡಿಯುವುದೂ ಬೇರೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿದರೆ ಮಣಿಕಟ್ಟಿನ ನಡುವೆ ಹಾದುಹೋಗುವ ನರದ ಮೇಲೆ ಒತ್ತಡ. ಮಣಿಕಟ್ಟು ಬಾಗಿಸಿ ಆಡುವವರಲ್ಲಿ, ಕ್ಲಾ ಹಿಡಿತದವರಲ್ಲಿ ಇದನ್ನು ಗಮನಿಸಬೇಕು. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದರೆ ಮೊಣಕೈ ನೋಡಿ: ಕುರ್ಚಿಯ ಗಟ್ಟಿ ಕೈ ಮೇಲೆ ಮೊಣಕೈ ಊರಿ ಕೂತಿರುತ್ತೀರಿ. ಅಲ್ಲಿಗೆ ಒಂದು ಟವೆಲ್ ಮಡಚಿ ಹಾಕಿ, ಮೊಣಕೈಯನ್ನು 90 ಡಿಗ್ರಿಗಿಂತ ಸ್ವಲ್ಪ ಬಿಡಿಸಿ. ರಾತ್ರಿ ನಿದ್ದೆಯಲ್ಲೂ ಜೋಮು ಎಬ್ಬಿಸಿದರೆ ಕಾಯಬೇಡಿ, ತೋರಿಸಿ.

ಬಿಎಂರೋಡ್_ಎಲೆಕ್ಟ್ರಿಕ್ (ಹಾಸನ)

ಫಿಸಿಯೊ ಸರ್, ಮುಷ್ಟಿ ಪರೀಕ್ಷೆಯಲ್ಲಿ ಎರಡೂ ಕೈ ಒಂದೇ ಥರ, ಚುಳ್ ಇಲ್ಲ. ಹೊಯ್ಸಳ ಅಣ್ಣ, ಕೈ ಒಂದು ಸೆಂ.ಮೀ. ಮೇಲಕ್ಕೆ ತಂದ ಮೇಲೆ ಪಟ್ಟಿಯಲ್ಲಿ ಮೇಲ್ಬಾಣ ನಿಂತಿದೆ. ಈಗ ಕೆಳ-ಎಡ ತಪ್ಪಿ ಎಡ, ಕೆಳಗೆ, ಎಡ ಬರ್ತಿದೆ. ಮತ್ತೆ ಸಣ್ಣ ಟೂರ್ನಮೆಂಟ್‌ಗೆ ಹೋಗೋದಿದೆ, ಬೇರೆಯವರ ಸೆಟಪ್. ಏನೇನು ನೋಡ್ಕೋಬೇಕು?

ಹೊಯ್ಸಳ_ಪ್ಯಾಡ್ (ಹಾಸನ)

ಅದು ಕುಕ್ಕುತಾ ಇರೋದು. ಎಡ ಒತ್ತಿ ಕೆಳಕ್ಕೆ ಬಂದ ಮೇಲೆ ಕೆಳಗಿನ ಗುಂಡಿಯನ್ನ ಬಿಡದೆ ಗೆಣ್ಣನ್ನ ಎಡಕ್ಕೆ ಒರಗಿಸು. ನಿಧಾನಕ್ಕೆ ಮಾಡಿದ್ರೆ ಬರುತ್ತೆ, ವೇಗದಲ್ಲಿ ತಪ್ಪುತ್ತೆ ಅಂದ್ರೆ ಎರಡು ದಿನ ನಿಧಾನಕ್ಕೇ ಮಾಡು. ಹೊಸ ಹಿಡಿತಕ್ಕೆ ಕೈ ಪಳಗೋಕೆ ಎರಡು ವಾರ ಕೊಡು, ಅಷ್ಟರಲ್ಲಿ ಇನ್ನೊಂದು ಹೊಸದನ್ನ ಶುರು ಮಾಡ್ಬೇಡ. ಪಂದ್ಯ ಅದಕ್ಕೂ ಮುಂಚೆ ಇದ್ರೆ ಕೈ ಎತ್ತರ ಮಾತ್ರ ಉಳಿಸ್ಕೊ, ಮಿಕ್ಕಿದ್ದು ಹಳೇದೇ ಇರಲಿ.

ಸೆಟಪ್‌ಗೆ: 3 ಮೀಟರಿನ ಸ್ವಂತ ಕೇಬಲ್, ಡೇಟಾ ಹೋಗೋದು, ಬರೀ ಚಾರ್ಜಿಂಗ್ ಕೇಬಲ್ ಅಲ್ಲ. ಗಿಡ್ಡ ಕೇಬಲ್ ಪ್ಯಾಡಿನ ಮೂತಿ ಎಳೀತಾ ಇರುತ್ತೆ, ಮತ್ತೆ ಹೆಬ್ಬೆರಳು ಹಿಡಿಯೋ ಕೆಲಸಕ್ಕೆ ಇಳಿಯುತ್ತೆ. ಕೇಬಲ್ಲನ್ನ ಒಂದು ಸುತ್ತು ಸಡಿಲ ಬಿಟ್ಟು ಮೊಣಕಾಲ ಕೆಳಗಿಂದ ತಗೊ. ಕುರ್ಚಿ ಪ್ಲಾಸ್ಟಿಕ್‌ದೇ ಇರುತ್ತೆ, ಎತ್ತರ ನಿನ್ನ ಕೈಯಲ್ಲಿಲ್ಲ. ತೊಡೆ ಇಳಿಜಾರಾದ್ರೆ ಬ್ಯಾಗ್ ಮಡಿಲಲ್ಲಿಟ್ಟು ಅದರ ಮೇಲೆ ಮುಂಗೈ ಊರು. ಗುಂಡಿ ಸೆಟ್ಟಿಂಗ್ ಫೋನಲ್ಲಿ ಫೋಟೊ ತೆಗೆದಿಟ್ಕೊ, ಬಟನ್ ಚೆಕ್‌ಗೆ ಕೊಡೋ ಹೊತ್ತು ಕಮ್ಮಿ. ಹಿಂಬದಿ ಗುಂಡಿ ಇರೋ ಪ್ಯಾಡ್ ಆದ್ರೆ ಒಂದು ಗುಂಡಿಗೆ ಒಂದೇ ಕೆಲಸ ಇರಲಿ, ಮ್ಯಾಕ್ರೋ ಕಂಡ್ರೆ ಹೊರಗೆ.

ಸಕಲೇಶಪುರ_ಘಾಟಿ

ಪಂದ್ಯ ಮುಗಿದ ಮೇಲೆ ಆ ಕನ್ಸೋಲಿನಿಂದ ನಿಮ್ಮ ಪ್ಯಾಡಿನ ಪೇರಿಂಗ್ ತೆಗೆದು ಬನ್ನಿ. ಬ್ಯಾಗಲ್ಲಿ ಪಿಎಸ್ ಗುಂಡಿ ಒತ್ತಿಕೊಂಡ್ರೆ ಬೇರೆಯವರ ಪಂದ್ಯ ನಡುವೆ ನಿಲ್ಲುತ್ತೆ, ನಿಮ್ಮ ಊರಿನ ಹೆಸರು ಹೇಳಿ ಬೈತಾರೆ.

ಬಿಎಂರೋಡ್_ಎಲೆಕ್ಟ್ರಿಕ್ (ಹಾಸನ)

ಇನ್ನೊಂದೇ ಒಂದು. ಉಂಗುರ ಬೆರಳು ಕೊಕ್ಕೆ ಮಾಡಿದ ಮೇಲೆ ಅದರ ನಡುಗೆಣ್ಣಿನ ಹತ್ರ ಉರಿ. ಇದು ಪಳಗೋ ನೋವಾ, ತಪ್ಪು ಹಿಡಿತಾನಾ?

ಕಾಫಿಹೂವು (ಚಿಕ್ಕಮಗಳೂರು)

ಚರ್ಮದಲ್ಲಿ ಉರಿಯಾದ್ರೆ ಹಿಡಿಯ ಎರಡು ಪ್ಲಾಸ್ಟಿಕ್ ಸೇರುವ ಗೆರೆ ಅಲ್ಲೇ ಹಾದುಹೋಗುತ್ತೆ, ಅದರ ಅಂಚು ತಾಗ್ತಿದೆ. ಬೆರಳನ್ನ 3-4 ಮಿ.ಮೀ. ಆಚೀಚೆ ಸರಿಸಿ, ಇಲ್ಲಾ ಆ ಗೆರೆ ಮೇಲೆ ಕಾಗದದ ಟೇಪಿನ ಒಂದು ತುಂಡು ಅಂಟಿಸಿ. ಗೆಣ್ಣಿನ ಒಳಗೆ ನೋವಾದ್ರೆ ಕೊಕ್ಕೆ ತೀರಾ ಬಿಗಿ. ಬೆರಳು ಪ್ಯಾಡನ್ನ ಹಿಂಡಬೇಕಿಲ್ಲ, ಪ್ಯಾಡ್ ಬೆರಳ ಮೇಲೆ ಕೂರಬೇಕು, ಅಷ್ಟೇ.

ಬಿಎಂರೋಡ್_ಎಲೆಕ್ಟ್ರಿಕ್ (ಹಾಸನ)

ಗೆರೆಯೇ. ಟೇಪು ಅಂಟಿಸಿದೆ, ಉರಿ ಇಲ್ಲ.